ಗೋಡೆಯ ಮೇಲೆ ರೈಲು, ಹೊರಗೆ ಜುಲೈ ಮಳೆ

ಪ್ರಶ್ನೆ: ನಮ್ಮ ಮಾವನವರು ಸೇನೆಯಿಂದ ನಿವೃತ್ತರಾದವರು. ಒಂದೊಂದಾಗಿ ಕೊಂಡು ಕೂಡಿಸಿದ ಮಾದರಿ ರೈಲುಗಳು ಅವರ ಹತ್ತಿರ ಇವೆ. 3 ಡೀಸೆಲ್ ಇಂಜಿನ್, 15 ಬೋಗಿ. ಎಲ್ಲವೂ ಎಚ್‌ಒ ಅಳತೆಯವು. ಈಗ ಶೂ ಡಬ್ಬಗಳಲ್ಲಿ ಪೇಪರ್ ಸುತ್ತಿಕೊಂಡು ಮಲಗಿವೆ. ಅವರ 75ನೇ ಹುಟ್ಟುಹಬ್ಬಕ್ಕೆ ಗೋಡೆಗೆ ಒಂದು ಗಾಜಿನ ಶೋಕೇಸ್ ಹಾಕಿಸಬೇಕು ಅಂತ ಆಸೆ. ಜಗಲಿಯ ಪಡುವಣ ಗೋಡೆಯಲ್ಲಿ 6 ಅಡಿ ಜಾಗ ಇದೆ. ರೆಡಿಮೇಡ್ ಕೊಳ್ಳೋದಾ, ಮಾಡಿಸೋದಾ? ನಮ್ಮ ತೋಟದ್ದೇ ಸಿಲ್ವರ್ ಓಕ್ ಹಲಗೆಗಳಿವೆ, ಹೋದ ವರ್ಷ ಕೊಯ್ಸಿದ್ದು.
– ಒಬ್ಬ ಸೊಸೆ, ಪೊನ್ನಂಪೇಟೆ ಹತ್ತಿರ

ಉತ್ತರ: ಮಾಡಿಸಿ, ತಾಯಿ. ಆದರೆ ಆ ಗೋಡೆಗೆ ಬೇಡ.

ನಮ್ಮ ಕೊಡಗಿನ ಕಡೆ ಮಳೆಗಾಳಿ ಬರೋದೇ ಪಡುವಣದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ನೀರು ಕುಡಿಯುತ್ತಲೇ ಇರುತ್ತದೆ. ಒಣಗಿದ ಹಾಗೆ ಕಂಡ ದಿನವೂ ಅಂಗೈ ಒತ್ತಿ ನೋಡಿ, ತಣ್ಣಗಿರುತ್ತದೆ. ಮನೆಯೊಳಗಿನ ಗೋಡೆ ಹುಡುಕಿ, ಎರಡೂ ಮಗ್ಗುಲಲ್ಲಿ ಕೋಣೆ ಇರುವಂಥದ್ದು. ಸೌದೆ ಒಲೆ ಉರಿಯುವ ಮನೆಯಾದರೆ ಒಲೆಯ ಬೆನ್ನಿಗಿರುವ ಗೋಡೆಯ ಆಚೆ ಮುಖ ಎಲ್ಲಕ್ಕಿಂತ ಒಳ್ಳೆಯದು. ಕಕ್ಕಡದಲ್ಲೂ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲೂ, ಬೆಚ್ಚಗಿರುತ್ತದೆ.

ಇದು ನಾನು ಪುಸ್ತಕ ಓದಿ ಹೇಳುತ್ತಿರುವ ಮಾತಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ 31 ವರ್ಷ ಮರಗೆಲಸ ಮಾಡಿದವನು ನಾನು. ಮಡಿಕೇರಿಗೆ ಬಂದು ಕೂತ ವರ್ಷ ಏನು ಮಾಡಿದೆ ಗೊತ್ತಾ? ಅಂಗಡಿಯಿಂದ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯ, ಶೋಕೇಸ್ ಕೊಂಡು ತಂದೆ. ಬಡಗಿಯ ಮನೆಗೆ ರೆಡಿಮೇಡ್ ಪೆಟ್ಟಿಗೆ! ಚೆಂದ ಕಾಣಲಿ ಅಂತ ಒಳಗೆ ಕಪ್ಪು ವೆಲ್ವೆಟ್ ಬಟ್ಟೆ ಅಂಟಿಸಿದೆ. ಧೂಳು ನುಗ್ಗದಿರಲಿ ಅಂತ ಗಾಜಿನ ಸುತ್ತ ರಬ್ಬರ್ ಬೀಡಿಂಗ್ ಬಿಗಿದೆ. ಕಕ್ಕಡ 18ರ ದಿನ ಮದ್ದು ಸೊಪ್ಪಿನ ಪಾಯಸ ತಿಂದು ಬಂದು, ಮೊಮ್ಮಗನಿಗೆ ತೋರಿಸೋಣ ಅಂತ ಗಾಜು ಸರಿಸಿದೆ. ಘಮ್ಮಂತ ಬೂಷ್ಟಿನ ವಾಸನೆ. ಸ್ಲೀಪರ್ ಬೋಗಿಯ ಕಿಟಕಿಗಳೆಲ್ಲ ಬೆಳ್ಳಗೆ ಮಂಜಾಗಿದ್ದವು. ಮಳೆಯಲ್ಲಿ ಈಗ ತಾನೇ ಸ್ಟೇಷನ್ನಿಗೆ ಬಂದು ನಿಂತ ಹಾಗೆ. ಮೊಮ್ಮಗನಿಗೆ ಅದು ಬಹಳ ಹಿಡಿಸಿತು. ಚಕ್ರದ ಆಕ್ಸಲ್‌ಗೆ ತುಕ್ಕು ಹತ್ತಿತ್ತು. ಪೆಟ್ಟಿಗೆಯ ತಳ ಟೀಗೆ ಅದ್ದಿದ ಬಿಸ್ಕತ್ತಿನ ಹಾಗೆ ಊದಿ, ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು. ಜೂನ್ ತಿಂಗಳ ತೇವವನ್ನು ನಾನೇ ಒಳಗೆ ಕೂಡಿಹಾಕಿ ಬೀಗ ಹಾಕಿದ್ದೆ, ಅಷ್ಟೇ.

ಹಾಗಾಗಿ ಬಯಲುಸೀಮೆಯವರಿಗೆ ಹೇಳುವ ಮಾತನ್ನು ನಿಮಗೆ ಹೇಳಲಾರೆ. ಅವರಿಗೆ ವೈರಿ ಧೂಳು, ನಮಗೆ ತೇವ. ಧೂಳನ್ನು ಬ್ರಷ್‌ನಲ್ಲಿ ಒರೆಸಬಹುದು. ಪೆಟ್ಟಿಗೆಯ ತಳದಲ್ಲಿ ನಾಲ್ಕು, ಮೇಲ್ಭಾಗದಲ್ಲಿ ನಾಲ್ಕು ಬೆರಳುಗಾತ್ರದ ತೂತು ಕೊರೆಸಿ, ಒಳಗಿನಿಂದ ಸೊಳ್ಳೆ ಪರದೆ ಬಲೆ ಹೊಡೆಸಿ. ಹಿಂಬದಿಗೆ 1 ಇಂಚಿನ ಎರಡು ರೀಪು (ಮರದ ಪಟ್ಟಿ) ಕೊಟ್ಟು, ಅವುಗಳ ಮೇಲೆ ಪೆಟ್ಟಿಗೆ ಕೂರಿಸಿ. ಗೋಡೆಗೂ ಪೆಟ್ಟಿಗೆಗೂ ನಡುವೆ ಗಾಳಿ ಆಡಬೇಕು. ವೆಲ್ವೆಟ್ ಬೇಡವೇ ಬೇಡ. ಬಿಳಿ ಅಥವಾ ತಿಳಿ ಬೂದಿ ಬಣ್ಣದ ಪೇಂಟ್ ಸಾಕು.

ಇನ್ನು ಮರ. ಸಿಲ್ವರ್ ಓಕ್ ನೋಡೋಕೆ ಚೆಂದ, ಗೆರೆಗಳು ಮಿನುಗುತ್ತವೆ. ಆದರೆ ಹುಳು ಬೇಗ ಹಿಡಿಯುತ್ತದೆ, ಹಸಿ ಇದ್ದರೆ ತಿರುಚಿಕೊಳ್ಳುತ್ತದೆ. ಅದನ್ನು ಮುಂದಿನ ಚೌಕಟ್ಟಿಗೆ ಮಾತ್ರ ಬಳಸಿ, ಮಾವನವರಿಗೆ ತೋಟದ ಮರ ಅನ್ನೋ ಖುಷಿ ಇರಲಿ. ಹಳೇ ಹಲಸಿನ ಹಲಗೆ ಅಟ್ಟದಲ್ಲಿದ್ದರೆ ಇನ್ನೂ ಒಳ್ಳೆಯದು, ಅದರ ಹಳದಿ ತಿರುಳಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕೋದಿಲ್ಲ. ಉಳಿದದ್ದಕ್ಕೆ ನೀರಿಗೆ ತಡೆಯುವ ಮೆರೈನ್ ಪ್ಲೈ ತನ್ನಿ. ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ. ಐಎಸ್ 303 ಇದ್ದರೆ ಅದು ಬೇರೆ ಜಾತಿ, ಸಾಮಾನ್ಯ ಬಳಕೆಯ ಪ್ಲೈ. ಅಂಗಡಿಯವರು ‘ವಾಟರ್‌ಪ್ರೂಫೇ ಸಾರ್’ ಅಂತಾರೆ, ನೀವು ನಂಬರ್ ಓದಿ.

ಅಳತೆಗೆ ಬರೋಣ. ಎಚ್‌ಒ ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲು. ನಮ್ಮ ಹಳೇ ನೀಲಿ ಬೋಗಿ ಬಫರ್‌ನಿಂದ ಬಫರ್‌ಗೆ ಸುಮಾರು 22.3 ಮೀಟರ್, ಮಾದರಿಯಲ್ಲಿ ಇಪ್ಪತ್ತೈದೂವರೆ ಸೆಂಟಿಮೀಟರ್ ಚಿಲ್ಲರೆ. ಡಬ್ಲ್ಯುಡಿಎಂ-2 ಥರದ ಡೀಸೆಲ್ ಇಂಜಿನ್ 20 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಒಂದು ಇಂಜಿನ್, 5 ಬೋಗಿ ಸೇರಿಸಿದರೆ 148 ಆಯಿತು. ಕಪ್ಲಿಂಗ್ ನಡುವಿನ ಸಂದು, ಎರಡೂ ತುದಿಯಲ್ಲಿ ಒಂದಿಷ್ಟು ಜಾಗ ಬೇಕಲ್ಲ. ಒಳಗಡೆ ಐದೂವರೆ ಅಡಿ, ಅಂದರೆ 167 ಸೆಂ.ಮೀ. ಇಡಿಸಿ. ನಿಮ್ಮ ಲೆಕ್ಕ ಮೂರು ಅಂತಸ್ತಿಗೆ ಸರಿಯಾಗಿ ಕೂರುತ್ತದೆ. ಮಾವನವರು ಲೆಕ್ಕ ಹಾಕಿಯೇ ಕೊಂಡಿದ್ದಾರೆ ಅನಿಸುತ್ತೆ! ಆದರೂ ನನ್ನ ಲೆಕ್ಕ ನಂಬಿ ಪ್ಲೈ ಕೊಯ್ಸಬೇಡಿ. ಅವರು ಮಲಗಿದ ಮೇಲೆ ಡಬ್ಬ ತೆಗೆದು, ಒಂದು ಸಾಲನ್ನು ಊಟದ ಮೇಜಿನ ಮೇಲೆ ಜೋಡಿಸಿ ಟೇಪ್ ಹಿಡಿಯಿರಿ.

ಬೋಗಿಯ ಎತ್ತರ 5 ಸೆಂ.ಮೀ. ಕೂಡ ಇರೋದಿಲ್ಲ. ಆದರೂ ಅಂತಸ್ತುಗಳ ನಡುವೆ 10 ಸೆಂ.ಮೀ. ಬಿಡಿ. ರೈಲಿಗಲ್ಲ, ಕೈಗೆ. 75ರ ಕೈ ನಡುಗುತ್ತದೆ, ನನ್ನದೂ ನಡುಗುತ್ತದೆ. ಆಳ 4 ಇಂಚು ಸಾಕು. ಜಾಸ್ತಿ ಇಟ್ಟರೆ ಮುಂದಿನ ಜಾಗದಲ್ಲಿ ಮನೆಮಂದಿ ಕೀಲಿಕೈ, ಔಷಧಿ ಚೀಟಿ ಎಲ್ಲ ಇಡೋಕೆ ಶುರುಮಾಡ್ತಾರೆ. ಐದೂವರೆ ಅಡಿಯ ಹಲಗೆ ನಡುವೆ ಜೋತು ಬೀಳಬಾರದಲ್ಲ, ಹಾಗಂತ ಮಧ್ಯೆ ಕಂಬ ಕೊಟ್ಟರೆ ರೈಲು ತುಂಡಾಗುತ್ತದೆ. 18 ಎಂ.ಎಂ. ಪ್ಲೈ ಹಾಕಿ, ಹಿಂಬದಿ ಹಲಗೆಯಿಂದ ಅಡಿಗೊಂದು ಸ್ಕ್ರೂ ಕೂರಿಸಿ ಅಂತ ಬಡಗಿಗೆ ಹೇಳಿ.

ಬೋಗಿಗಳನ್ನು ಬರೀ ಹಲಗೆ ಮೇಲೆ ನಿಲ್ಲಿಸಬೇಡಿ, ಯಾರಾದರೂ ಬಾಗಿಲು ಧಡ್ ಅಂತ ಹಾಕಿದರೆ ಉರುಳುತ್ತವೆ. ಮಾದರಿ ಹಳಿಯನ್ನೇ ತರಿಸಿ. ಬಾಗುವಂಥ ಹಳಿ 3 ಅಡಿ ತುಂಡಾಗಿ ಸಿಗುತ್ತದೆ, ಸಾಲಿಗೆ ಎರಡು ಸಾಕು. ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಗಲ, 16.5 ಎಂ.ಎಂ. ಇರೋದನ್ನೇ ಕೇಳಿ. ಇಲ್ಲೊಂದು ತಮಾಷೆ ಇದೆ. ನಮ್ಮ ಬ್ರಾಡ್‌ಗೇಜ್ 1676 ಎಂ.ಎಂ., 87ರಿಂದ ಭಾಗಿಸಿದರೆ 19 ದಾಟುತ್ತದೆ. ಆದರೆ ಎಚ್‌ಒ ಹಳಿ ಹುಟ್ಟಿದ್ದು ಹೊರದೇಶಗಳ 1435 ಎಂ.ಎಂ. ಗೇಜಿಗೆ. ನಮ್ಮ ಬೋಗಿಗಳೂ ಅದರ ಮೇಲೇ ಅಡ್ಜಸ್ಟ್ ಮಾಡಿಕೊಂಡು ನಿಲ್ಲುತ್ತವೆ. ವರ್ಕ್‌ಶಾಪಿನವನ ಕಣ್ಣಿಗೆ ಸ್ವಲ್ಪ ಚುಚ್ಚುತ್ತೆ, ಬೇರೆಯವರಿಗೆ ಗೊತ್ತಾಗೋದಿಲ್ಲ.

ಮುಂದೆ 4 ಎಂ.ಎಂ. ಗಾಜು, ಎರಡು ತುಂಡು, ಅಲ್ಯುಮಿನಿಯಂ ಚಾನೆಲ್‌ನಲ್ಲಿ ಸರಿಯುವ ಹಾಗೆ. ಗಾಜೇ 6 ಕಿಲೋ ದಾಟುತ್ತದೆ, ರೈಲುಗಳಿಗಿಂತ ಭಾರ. ಹಳೇ ಮಣ್ಣಿನ ಗೋಡೆಯಾದರೆ ಸ್ಕ್ರೂ ನಂಬಬೇಡಿ. ಕೆಳಗೆ ಎರಡು ಕಾಲು ಕೊಟ್ಟು ಭಾರ ನೆಲಕ್ಕೆ ಇಳಿಸಿ, ಮುಂದಕ್ಕೆ ವಾಲದ ಹಾಗೆ ಮಾತ್ರ ಗೋಡೆಗೆ ಹಿಡಿಸಿ.

ಮಳೆಗಾಲಕ್ಕೆ ಬೀರುವಿನಲ್ಲಿ ನುಸಿಗುಳಿಗೆ ಹಾಕುತ್ತೇವಲ್ಲ, ಇಲ್ಲಿ ಹಾಕಬೇಡಿ. ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಬಟ್ಟೆ ಬೀರುವಿನಲ್ಲಿ ಜೀರೋ ಬಲ್ಬ್ ಉರಿಸುವ ಉಪಾಯವೂ ಈ ಚಿಕ್ಕ ಪೆಟ್ಟಿಗೆಗೆ ಬೇಡ, ಪಕ್ಕದ ಬೋಗಿ ಬಾಗೀತು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಮೂಲೆಗೊಂದು ಇಡಿ. ತೂತಿರುವ ಪೆಟ್ಟಿಗೆಯಲ್ಲಿ ಅದು ಬೇಗ ತುಂಬಿಕೊಳ್ಳುತ್ತದೆ, ಹಾಗಾಗಿ ಜೋರು ಮಳೆಯ ವಾರಗಳಲ್ಲಿ ತೂತಿಗೆ ಟೇಪ್ ಹಾಕಿ ಜೆಲ್ ಇಡಿ, ಬಿಸಿಲು ಬಿದ್ದ ದಿನ ಟೇಪ್ ಕಿತ್ತು ಗಾಜು ಸರಿಸಿ. ಕಿತ್ತಳೆ ಬಣ್ಣದ ಜೆಲ್ ತನ್ನಿ, ತೇವ ತುಂಬಿದಾಗ ಹಸಿರಾಗುತ್ತದೆ. ನೀಲಿಯಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆ ಬಾಣಲೆಗೆ ಹಾಕಿ ಒಣಗಿಸೋಕೆ ಹೋದೀರಿ ಜೋಕೆ.

ಪೇಂಟ್ ಹೊಡೆದ ಮೇಲೆ ಎರಡು ಮೂರು ವಾರ ಖಾಲಿ ಪೆಟ್ಟಿಗೆ ತೆರೆದಿಡಬೇಕು. ಹುಟ್ಟುಹಬ್ಬ ಯಾವಾಗ ಅಂತ ಬರೆದಿಲ್ಲ ನೀವು. ಮಳೆಗಾಲದ ಒಳಗಿದ್ದರೆ ಬಡಗಿಯನ್ನು ಇವತ್ತೇ ಹಿಡಿಯಿರಿ. ಕಾಫಿ ಕೊಯ್ಲು ಶುರುವಾದರೆ ಆಮೇಲೆ ಅವರೂ ಸಿಗೋದಿಲ್ಲ.

ಪ್ರಶ್ನೆ: ಗಾಜಿನ ಬದಲು ಅಕ್ರಿಲಿಕ್ ಹಾಕಿಸಬಹುದಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
– ಓದುಗರು, ಕುಶಾಲನಗರ

ಉತ್ತರ: ಮಕ್ಕಳಿದ್ದರೆ ಹಾಕಿಸಿ. ಒಡೆದು ಚೂರಾಗೋದಿಲ್ಲ, ತೂಕವೂ ಗಾಜಿನ ಅರ್ಧದಷ್ಟೇ. ಆದರೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ, ಧೂಳನ್ನೂ ಎಳೆದುಕೊಳ್ಳುತ್ತದೆ. ನಿಮ್ಮ ಊರಿನಲ್ಲಿ ಮಳೆ ಕಡಿಮೆ, ಧೂಳು ಜಾಸ್ತಿ, ಅಲ್ವಾ? ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬಿಸಿಲು ನೇರ ಬೀಳದ ಗೋಡೆ ಆರಿಸಿ, ಇಲ್ಲದಿದ್ದರೆ ಬೋಗಿಗಳ ಬಣ್ಣ ಮಾಸುತ್ತದೆ.

ಪ್ರಶ್ನೆ: ಅಂಕಲ್, ನಾನು 9ನೇ ಕ್ಲಾಸ್. ನನ್ನ ಹತ್ತಿರ ಎರಡೇ ಬೋಗಿ ಇವೆ, ಎಚ್‌ಒ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಏನು ಮಾಡಲಿ?
– ಸೋಮವಾರಪೇಟೆ

ಉತ್ತರ: ಯಾರ ಮನೆಯಲ್ಲಾದರೂ ಸೋರುವ ಮೀನಿನ ತೊಟ್ಟಿ ಇದೆಯಾ ಕೇಳು ಮರಿ. 2 ಅಡಿಯದ್ದು ಸಿಕ್ಕರೆ ಒಳಗೆ 60 ಸೆಂ.ಮೀ. ಹತ್ತಿರ ಜಾಗ ಇರುತ್ತೆ, ನಿನ್ನ ಎರಡು ಬೋಗಿ ಸೇರಿ 51. ಚೆನ್ನಾಗಿ ತೊಳೆದು, ಒಣಗಿಸಿ, ಒಂದು ಹಲಗೆ ಮೇಲೆ ಬೋರಲು ಹಾಕು. ನಾಲ್ಕು ಮೂಲೆಯ ಕೆಳಗೆ ಒಂದೊಂದು ರೂಪಾಯಿ ನಾಣ್ಯ ಇಡು, ಆ ಸಂದಿಯಲ್ಲಿ ಗಾಳಿ ಹೋಗುತ್ತೆ. ಎತ್ತುವಾಗ ಮಾತ್ರ ಒಬ್ಬನೇ ಎತ್ತಬೇಡ, ಅಮ್ಮನನ್ನು ಕರಿ.