ಮೆಟ್ಟಿಲ ಗೋಡೆಯ ಕಲೆಗಳು

ಪ್ರಶ್ನೆ: ನಮ್ಮ ಮನೆ ಉಡುಪಿ ಕಡೆಯ ಶಂಕರಪುರದ ಹತ್ತಿರ. 1986ರಲ್ಲಿ ಮಾವ ಕಟ್ಟಿಸಿದ್ದು. ಟೆರೇಸಿಗೆ ಹತ್ತುವ ಹೊರಮೆಟ್ಟಿಲಿನ ಪಕ್ಕ ಕಾಂಕ್ರೀಟ್ ಗೋಡೆ ಉಂಟು. ಮೇಲಿನಿಂದ ಕಪ್ಪು ಗೆರೆ ಇಳಿದಿದೆ, ಬುಡದಲ್ಲಿ ಬಿಳಿ ಪುಡಿ ಏಳುತ್ತದೆ, ನಡುವೆ ಒಂದು ಕಡೆ ಕಂದು ಕಲೆ. ಎರಡು ಸಲ ಪೇಂಟ್ ಮಾಡಿಸಿದೆವು, ಎರಡೂ ಸಲ ಸಿಪ್ಪೆ ಎದ್ದಿತು. ಚೌತಿಗೆ ನೆಂಟರು ಬರುತ್ತಾರೆ. ಅಷ್ಟರೊಳಗೆ ಮಾಡಿಸಬಹುದಾ? ಯಾವ ಪೇಂಟ್ ಒಳ್ಳೆಯದು?

ಉತ್ತರ: ಚೌತಿಯ ಆಸೆ ಬಿಡಿ ಅಕ್ಕಾ. ಮೂವತ್ತು ವರ್ಷ ಊರವರ ಮನೆ ಕೆಲಸ ಮಾಡಿಸಿದವ ನಾನು. ನನ್ನ ಮನೆಗೆ ಮಾತ್ರ ಅವಸರ ಮಾಡಿ ಒಂದು ವರ್ಷ ಅಷ್ಟಮಿಗೆ ಮೊದಲು ಪೇಂಟ್ ಹೊಡೆಸಿದೆ. ದೀಪಾವಳಿ ಹೊತ್ತಿಗೆ ಗೋಡೆ ತುಂಬ ಹಪ್ಪಳದ ಹಾಗೆ ಗುಳ್ಳೆ! ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಊರು ನಮ್ಮದು. ಗೋಡೆ ಕುಡಿದ ನೀರು ಹೊರಗೆ ಬರಲೇಬೇಕಲ್ವಾ? ದೀಪಾವಳಿ ಕಳೆದು ಒಂದು ತಿಂಗಳು ಬಿಸಿಲು ಕಾಯಿಸಿ. ಆಮೇಲೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದು ದಿನ ಬಿಟ್ಟು ಕಿತ್ತು ನೋಡಿ. ಒಳಬದಿ ಬೆವರಿದ್ದರೆ ಇನ್ನೂ ಕಾಯಬೇಕು.

ಕಂದು ಕಲೆಯನ್ನು ಮೊದಲು ನೋಡಿ. ಉಳಿದದ್ದು ಚಂದದ ವಿಷಯ, ಇದು ಗೋಡೆಯ ಆಯಸ್ಸಿನ ವಿಷಯ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಿರಬಹುದು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದು ಉಬ್ಬಿ ಕಾಂಕ್ರೀಟನ್ನೇ ಹೊರಗೆ ತಳ್ಳುತ್ತದೆ. ಸುತ್ತಿಗೆಯಿಂದ ಮೆಲ್ಲ ತಟ್ಟಿ. ಟೊಳ್ಳು ಸದ್ದು ಬಂದಲ್ಲೆಲ್ಲ ಕೆತ್ತಬೇಕು, ಸರಳಿನ ಹಿಂದೆ ಬೆರಳು ಹೋಗುವಷ್ಟು. ತಂತಿ ಬ್ರಷ್‌ನಲ್ಲಿ ಉಜ್ಜಿ ಸರಳು ಹೊಳೆಯಬೇಕು. ಮೇಲೆ ತುಕ್ಕು ತಡೆಯುವ ಕೋಟ್, ಆಮೇಲೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ. ಬರೀ ಸಿಮೆಂಟ್ ಮೆತ್ತಿ ಮುಚ್ಚುತ್ತೇನೆ ಎನ್ನುವವನನ್ನು ಚಾ ಕೊಟ್ಟು ಕಳಿಸಿಬಿಡಿ. ಮೆಟ್ಟಿಲಿನ ಅಡಿಯಲ್ಲೂ ಬಿರುಕು ಕಂಡರೆ ಪೇಂಟಿನವನಲ್ಲ, ಎಂಜಿನಿಯರ್ ಬರಬೇಕು.

ಕಪ್ಪು ಗೆರೆ ಪಾಚಿ, ಬೂಸ್ಟು. ಪಾಚಿಯ ಮೇಲೆ ಪೇಂಟ್ ಬಳಿದರೆ ಅದು ಪಾಚಿಯ ಜೊತೆಗೇ ಉದುರುತ್ತದೆ. ಹತ್ತು ಲೀಟರ್ ನೀರಿಗೆ ಕಾಲು ಕಿಲೋ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿ ನೀರನ್ನು ಬಳಿದು, ಇಪ್ಪತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕು. ಜೊತೆಗೆ ಆಸಿಡ್, ಟಾಯ್ಲೆಟ್ ಕ್ಲೀನರ್ ಮಾತ್ರ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ನಿಮ್ಮೂರಿನಲ್ಲಿ ಮಲ್ಲಿಗೆ ಇಲ್ಲದ ಮನೆ ಕಡಿಮೆ. ತೊಳೆದ ನೀರು ಗಿಡದ ಬುಡಕ್ಕೆ, ಬಾವಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಆದರೆ ಆ ಗೆರೆ ಬಂದದ್ದು ಯಾಕೆ? ಜೋರು ಮಳೆಯಲ್ಲಿ ಕೊಡೆ ಹಿಡಿದು ಐದು ನಿಮಿಷ ನಿಂತು ನೋಡಿ. ಟೆರೇಸಿನ ನೀರು ಪೈಪಿನಲ್ಲಿ ಇಳಿಯದೆ ಅಂಚಿನಿಂದ ಗೋಡೆಗೇ ಹರಿಯುತ್ತಿರುತ್ತದೆ. ಎಲೆ ಕಟ್ಟಿದ ಪೈಪ್ ಬಿಡಿಸಿ. ಅಂಚು ಹೊರಗೆ ಚಾಚಿದ್ದರೆ ಅದರ ಅಡಿಯಲ್ಲಿ ಉದ್ದಕ್ಕೆ ಒಂದು ಗೀರು ಕೊರೆಸಿ. ನೀರು ಒಳಗೆ ಸರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಸಣ್ಣ ಕೆಲಸ. ದುಬಾರಿ ಪೇಂಟ್ ಮಾಡದ್ದನ್ನು ಅದು ಮಾಡುತ್ತದೆ.

ಬುಡದ ಬಿಳಿ ಪುಡಿ ಉಪ್ಪು. ಒಣ ಬ್ರಷ್‌ನಲ್ಲೇ ಗುಡಿಸಿ. ನೀರು ಹಾಕಿದರೆ ಕರಗಿ ಮತ್ತೆ ಒಳಗೇ ಸೇರುತ್ತದೆ. ಗೋಡೆಗೆ ಒರಗಿಸಿದ ಮಣ್ಣು ಇದ್ದರೆ ತೆಗೆಸಿ.

ಇಷ್ಟಾದ ಮೇಲೆ ಪೇಂಟ್. ಹೊಸ ಗಾರೆ ಹಾಕಿದ ಕಡೆ 28 ದಿನ ಬಿಡಿ. ಪುಟ್ಟಿ ಬೇಕಾದರೆ ಸಿಮೆಂಟಿನದ್ದೇ ಇರಲಿ. ಹೊರಗೋಡೆಯ ಪ್ರೈಮರ್ ಒಂದು ಕೋಟ್, ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟ್. ಕಂಪೆನಿ ಯಾವುದಾದರೂ ಆಗಲಿ, ನೀರು ಬೆರೆಸುವಾಗ ಮಾತ್ರ ನೀವೇ ಎದುರು ನಿಲ್ಲಿ.

ಪ್ರಶ್ನೆ: ಸುರತ್ಕಲ್‌ನ ನಮ್ಮ ಹಳೇ ಮನೆಯ ಕಿಟಕಿ, ಒಳಗೋಡೆಯ ಆಯಿಲ್ ಪೇಂಟ್ ನಾವೇ ಉಜ್ಜಿ ತೆಗೆಯಬಹುದಾ? ಮನೆಯಲ್ಲಿ ಎರಡು ವರ್ಷದ ಮಗು ಉಂಟು.

ಉತ್ತರ: ಒಣದಾಗಿ ಉಜ್ಜಬೇಡಿ. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಳೆಯ ಪೇಂಟಿನ ಧೂಳಿನಲ್ಲಿ ಸೀಸ ಇರಬಹುದು, ಮಕ್ಕಳಿಗೆ ಅದು ವಿಷ. ನೀರು ಚಿಮುಕಿಸಿ ವಾಟರ್ ಪೇಪರಿನಲ್ಲಿ (ಒದ್ದೆಯಲ್ಲೇ ಉಜ್ಜುವ ಉಪ್ಪುಕಾಗದ) ಉಜ್ಜಿಸಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸ ಮುಗಿಯುವವರೆಗೆ ಮಗು ಅಜ್ಜಿ ಮನೆಯಲ್ಲಿರಲಿ.