ಬಂಜರು ಅಂದವರು ಯಾರು?

ಪ್ರಿಯ ತರುಣ ಮಿತ್ರರಿಗೆ,

'ಅಭಿವೃದ್ಧಿ ಮತ್ತು ಪರಿಸರ: ವಿದೇಶಿ ನೆರವು ಕಲಿಸಿದ ಸಮತೋಲನ' ಲೇಖನ ಓದಿದೆ. ಶ್ರಮ ಪಟ್ಟಿದ್ದೀರಿ, ಕಾಗುಣಿತ ಶುದ್ಧವಾಗಿದೆ, ಹೇಳಿದ ದಿನಕ್ಕೇ ಕಳಿಸಿದ್ದೀರಿ. ಆದರೆ ಮೂರನೇ ಪುಟದಲ್ಲಿ ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ರಾತ್ರಿ ಊಟಕ್ಕೆ ಕೂತಾಗಲೂ ಅದೇ ಕೊರೆಯುತ್ತಿತ್ತು.

ನಿಮ್ಮ ವಾಕ್ಯ: '1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಡಿ ಕೋಲಾರದ ಬಂಜರು ಭೂಮಿಯನ್ನು ಹಸಿರಾಗಿಸಲಾಯಿತು.'

'ಹಸಿರಾಗಿಸಲಾಯಿತು.' ಯಾರು? ಯಾವ ಗಿಡದಿಂದ? ನೀಲಗಿರಿ ಅನ್ನುವ ಹೆಸರೇ ನಿಮ್ಮ ಹನ್ನೊಂದು ಪುಟದಲ್ಲಿ ಇಲ್ಲ! ಆ ಯೋಜನೆ ಶುರುವಾದದ್ದು ಹಳ್ಳಿಯವರ ಸೌದೆ-ಮೇವಿನ ಕೊರತೆ ನೀಗಿಸುತ್ತೇವೆ ಅಂತ. ನರ್ಸರಿಗಳಿಂದ ಹೊರಟದ್ದು ಬಹುಪಾಲು ನೀಲಗಿರಿ. ಬೆಳೆದ ಮೇಲೆ ಅದು ಒಲೆಗೆ ಹೋದದ್ದಕ್ಕಿಂತ ಹೆಚ್ಚು ಗಳುವಾಗಿ, ಕಾಗದ-ರೇಯಾನ್ ಕಾರ್ಖಾನೆಯ ಪಲ್ಪ್ ಆಗಿ ಲಾರಿ ಹತ್ತಿತು. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ಸಸಿ ಕಿತ್ತು, ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದ್ದರು. 'ಲಾಯಿತು' ಅಂತ ಬರೆದುಬಿಟ್ಟರೆ ಕೊಟ್ಟವನೂ ಇಲ್ಲ, ನೆಟ್ಟವನೂ ಇಲ್ಲ, ಕಿತ್ತವನೂ ಇಲ್ಲ.

ಇನ್ನು 'ಬಂಜರು'. ನನ್ನ ಸಿಟ್ಟೆಲ್ಲ ಈ ಪದದ ಮೇಲೆ. ಯಾಕೆಂದರೆ ನಾನೂ ಇದನ್ನೇ ಬರೆದವನು.

ಆಗ ನಾನೊಂದು ಪತ್ರಿಕೆಯಲ್ಲಿ ಟ್ರೈನಿ. ಇಲಾಖೆಯ ಪ್ರಕಟಣೆಯನ್ನು ತಿರುಗಿಸಿ ಮುರುಗಿಸಿ 'ಬಂಜರಿಗೆ ಬಂತು ಹಸಿರು' ಅಂತ ಸುದ್ದಿ ಮಾಡಿ ಕೊಟ್ಟೆ. ಸುದ್ದಿ ಸಂಪಾದಕರ ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಮಾತು ಕಡಿಮೆ. 'ಬಂಜರು' ಪದಕ್ಕೆ ಕೆಂಪು ಸುತ್ತು ಹಾಕಿ, ಕಿಟಕಿಯಾಚೆ ಉಗಿದು ಬಂದು, "ಕುರಿ ಕಾಯೋನ್ನ ಕೇಳ್ಕೊಂಡು ಬಾರಯ್ಯ" ಅಂದರು. ಬಸ್ ಚಾರ್ಜೂ ಕೊಡಲಿಲ್ಲ.

ಮುಳಬಾಗಿಲು ಕಡೆಯ ಒಂದು ಊರಿನ ಗೋಮಾಳ. ಸಾಲುಸಾಲು ನೀಲಗಿರಿ, ಮೊಣಕಾಲೆತ್ತರ. ಬದುವಿನ ಮೇಲೆ ಕೂತಿದ್ದ ಅಜ್ಜನನ್ನು ಕೇಳಿದೆ: ಮೊದಲು ಇಲ್ಲಿ ಏನಿತ್ತು? ಅವನು ಬೆರಳು ಮಡಿಸುತ್ತಾ ಹೋದ. ತಂಗಡಿ, ಬಂದರಿಕೆ, ಕಾರೆ, ಹಂಚಿಹುಲ್ಲು, ಬೇಲಿಯಂಚಲ್ಲಿ ಹೊಂಗೆ. ಯಾವುದು ಒಲೆಗೆ, ಯಾವುದು ಗೊಬ್ಬರಕ್ಕೆ, ಯಾವುದರ ಹಣ್ಣು ಮಕ್ಕಳ ಬಾಯಿಗೆ ಅಂತಲೂ ಹೇಳಿದ. ಒಂದು ನೀಲಗಿರಿ ಎಲೆ ಹರಿದು ನನ್ನ ಮೂಗಿಗೆ ಹಿಡಿದು, "ಕುರಿ ಇದನ್ನ ಮೂಸೂ ನೋಡಲ್ಲ ಸಾಮಿ" ಅಂದ. ಜಾನುವಾರು ಮುಟ್ಟುವುದಿಲ್ಲ, ಬೇಲಿ-ಕಾವಲಿನ ಖರ್ಚಿಲ್ಲ ಅನ್ನುವುದೇ ಅರಣ್ಯದವರಿಗೆ ಈ ಗಿಡ ಹಿಡಿಸಲು ಒಂದು ಕಾರಣ ಎಂದು ಆಮೇಲೆ ತಿಳಿಯಿತು. ಅವರು ಮೆಚ್ಚಿದ್ದೂ ಇವನು ಬೈದದ್ದೂ ಒಂದೇ ಗುಣವನ್ನು.

ವಿದೇಶಿ ನೆರವಿನ ಹಣ ಇಲ್ಲದ ಕಡೆಯೂ 'ಬಂಜರು' ಪದ ಇದೇ ಕೆಲಸ ಮಾಡಿದೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಮಾಡಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಸುಮಾರು 30,000 ಹೆಕ್ಟೇರ್ 'ಸಿ ಅಂಡ್ ಡಿ' ಜಮೀನು, ಅಂದರೆ ಊರವರು ಮೇವು-ಸೌದೆಗೆ ನೆಚ್ಚಿದ್ದ ಸರ್ಕಾರಿ ನೆಲ, ಗೊತ್ತುಮಾಡಿದಾಗ, ಕಾಗದದ ಮೇಲೆ ಅದೂ ಕೆಲಸಕ್ಕೆ ಬಾರದ ನೆಲ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹಕ್ಕೆ ಇಳಿದು, ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚಿದರು. ನೆಲ ನಿಜಕ್ಕೂ ಬಂಜರಾಗಿದ್ದರೆ ಅಷ್ಟು ಜನಕ್ಕೆ ಅಲ್ಲೇನು ಕೆಲಸ?

ಮುಂದಿನ ವಾಕ್ಯ: 'ಫಲಾನುಭವಿಗಳ ಜೀವನಮಟ್ಟ ಸುಧಾರಿಸಿ, ಪರಿಸರ ಸಮತೋಲನವೂ ಸಾಧ್ಯವಾಯಿತು.' ಫಲಾನುಭವಿ ಎಂದರೆ ರಾಗಿ ಹೊಲಕ್ಕೆ ನೀಲಗಿರಿ ಹಾಕಿದ ಜಮೀನುದಾರನೋ, ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಣ್ಣಾಳೋ? ನೆಟ್ಟ ಮೇಲೆ ಐದಾರು ವರ್ಷಕ್ಕೊಮ್ಮೆ ಕಡಿಯುವ ತೋಪಿನಲ್ಲಿ ಆಕೆಗೆ ಕೂಲಿ ಎಲ್ಲಿ? ಹಾಗಂತ ಜಮೀನುದಾರನನ್ನು ಖಳ ಮಾಡಬೇಡಿ. ಮಗ ಬೆಂಗಳೂರು ಸೇರಿ, ಮಳೆ ಕೈಕೊಟ್ಟು, ಆಳು ಸಿಗದೆ ನೀಲಗಿರಿ ಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಲೆಕ್ಕವೂ ಬರಲಿ, ಆಕೆಯ ಲೆಕ್ಕವೂ ಬರಲಿ. ಎರಡನ್ನೂ ಇಡದೆ 'ಸಮತೋಲನ' ಅಂದರೆ ತಕ್ಕಡಿಯನ್ನೇ ತೋರಿಸದೆ ತೂಕ ಹೇಳಿದ ಹಾಗೆ.

ಉಳಿದ ಎಂಟು ಪುಟದ ಬಗ್ಗೆ ನಾನೇನೂ ಹೇಳುವುದಿಲ್ಲ. ಸುಸ್ಥಿರ ಅಭಿವೃದ್ಧಿ ಗುರಿಗಳ ಹದಿನೇಳು ಹೆಸರು ಓದುಗರಿಗೆ ಬೇರೆ ಕಡೆಯೂ ಸಿಗುತ್ತವೆ. ಒಂದೇ ಊರು ಹಿಡಿಯಿರಿ. ಹಳೆಯ ಪಹಣಿಯಲ್ಲಿ ಆ ಸರ್ವೆ ನಂಬರಿಗೆ ಏನೆಂದು ಬರೆದಿದೆ ನೋಡಿ, ಆಮೇಲೆ ಊರಿನ ಹೆಂಗಸರನ್ನು ಕೇಳಿ. ನಾಲ್ಕು ಪುಟ ಸಾಕು, ತಿಂಗಳ ಕೊನೆಯೊಳಗೆ ಕಳಿಸಿ. ಬಸ್ ಚಾರ್ಜ್ ನಾನು ಕೊಡಿಸುತ್ತೇನೆ, ಟಿಕೆಟ್ ಇಟ್ಟುಕೊಂಡಿರಿ.

ನಿಮ್ಮ
ಸಂಪಾದಕ