ಯುದ್ಧ ಬೇಡ ಅನ್ನಬೇಕಾ, ಊರಿನ ಕಷ್ಟ ಮಾತಾಡಬೇಕಾ?

ಅಮೆರಿಕದಲ್ಲಿ ಚುನಾವಣೆಗೆ ನಿಂತ ನಿಮ್ಮ ಗೆಳೆಯ ಯುದ್ಧದ ವಿರುದ್ಧ ಮಾತಾಡಬೇಕಾ, ಕೆಲಸ, ವಿಮೆ, ತೆರಿಗೆ ಬಗ್ಗೆ ಮಾತಾಡಬೇಕಾ ಅಂತ ಕೇಳಿದ್ದೀರಿ. 2006ರಲ್ಲಿ ಕನೆಕ್ಟಿಕಟ್‌ನಲ್ಲಿ ನಾನು ಇದೇ ಗೊಂದಲದಲ್ಲಿ ಸಿಕ್ಕಿಕೊಂಡಿದ್ದೆ. ಸೆನೆಟ್‌ಗೆ ನಿಂತಿದ್ದ ನೆಡ್ ಲೆಮಾಂಟ್ ಪರವಾಗಿ ಮನೆಮನೆ ಬಾಗಿಲು ತಟ್ಟುವ ಕೆಲಸ. ಸಂಬಳವಿಲ್ಲ, ಹುರುಪು ಮಾತ್ರ ಜಾಸ್ತಿ.

ಆಗಸ್ಟ್ 8ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳ ಚುನಾವಣೆಯಲ್ಲಿ, ಗೆದ್ದೇಬಿಟ್ಟೆವು. ಸೋತವರು ಯಾರು? ಮೂರು ಸಲ ಸೆನೆಟರ್ ಆಗಿದ್ದ, 2000ದಲ್ಲಿ ಉಪಾಧ್ಯಕ್ಷ ಹುದ್ದೆಗೇ ನಿಂತಿದ್ದ ಜೋ ಲೀಬರ್ಮನ್. ಅವರು ಬೆಂಬಲಿಸಿದ್ದ ಇರಾಕ್ ಯುದ್ಧ ಅನ್ನುವ ಒಂದೇ ವಿಷಯ ಹಿಡಿದು ಅವರನ್ನು ಕೆಡವಿದ್ದೆವು. ಅವರು ಸುಮ್ನೆ ಕೂರಲಿಲ್ಲ, ಪಕ್ಷೇತರರಾಗಿ ನಿಂತರು.

ನಾನು ಎಡವಿದ್ದು ಇಲ್ಲಿ. ಆಗಸ್ಟ್‌ನ ಮಾತನ್ನೇ ನವೆಂಬರ್‌ನ ಮುಖ್ಯ ಚುನಾವಣೆಗೂ ಒಪ್ಪಿಸಿದೆ. ಪ್ರೈಮರಿಯಲ್ಲಿ ಓಟು ಹಾಕುವವರು ಪಕ್ಷದವರು, ಯುದ್ಧ ಶುರುಮಾಡಿದ ಅಧ್ಯಕ್ಷ ಬುಷ್ ಹೆಸರೆತ್ತಿದರೆ ಉರಿದು ಬೀಳುವವರು. ನವೆಂಬರ್‌ನಲ್ಲಿ ಊರೆಲ್ಲ ಬರುತ್ತದೆ. ಕನೆಕ್ಟಿಕಟ್‌ನದೇ ಊರಾದ ಗ್ರಾಟನ್‌ನಲ್ಲಿ ಒಬ್ಬರು ಕೇಳಿದರು: 'ಯುದ್ಧ ನನಗೂ ಬೇಡಪ್ಪ. ನಮ್ಮ ಬೇಸ್ ಮುಚ್ತೀವಿ ಅಂದ್ರೆ ನಿಮ್ಮವರು ಏನು ಮಾಡ್ತಾರೆ?' 2005ರಲ್ಲಿ ಅಲ್ಲಿನ ಸಬ್‌ಮರೀನ್ ನೆಲೆಯನ್ನು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಮುಚ್ಚುವ ಪಟ್ಟಿಗೆ ಸೇರಿಸಿತ್ತು. ಸಾವಿರಾರು ಜನರ ಕೆಲಸದ ಪ್ರಶ್ನೆ. ಅದನ್ನು ಉಳಿಸಲು ಓಡಾಡಿದವರಲ್ಲಿ ಲೀಬರ್ಮನ್ ಕೂಡ ಒಬ್ಬರು. ನಾನೋ, ತಿರುಗಿ ಇರಾಕ್‌ಗೇ ಬಂದೆ. ಆತ ನನ್ನ ಮಾತು ಆಗಲೇ ಒಪ್ಪಿದ್ದರು ಅಲ್ವಾ? ಒಪ್ಪಿದವರನ್ನೇ ಮತ್ತೆ ಒಪ್ಪಿಸುತ್ತಿದ್ದೆ. ಯುದ್ಧ ಬೇಡ ಅನ್ನುವವರ ಓಟೆಲ್ಲ ತಾನಾಗೇ ನಮ್ಮದು ಅಂದುಕೊಂಡಿದ್ದೆ. ಪಕ್ಕದ ಮನೆಯಲ್ಲೂ ಅದೇ ಪಾಠ, ಅದರ ಪಕ್ಕದಲ್ಲೂ.

ಲೀಬರ್ಮನ್‌ಗೆ ಶೇ 50ರಷ್ಟು, ನಮಗೆ ಶೇ 40ರಷ್ಟು. ರಿಪಬ್ಲಿಕನ್ನರು ತಮ್ಮ ಅಭ್ಯರ್ಥಿಯನ್ನೇ ಬಿಟ್ಟು ಅವರಿಗೆ ಹಾಕಿದ್ದರು, ನಿಜ. ಅದು ನಮ್ಮ ಕೈಲಿರಲಿಲ್ಲ. ಗ್ರಾಟನ್ ಇತ್ತು.

ಹಾಗಂತ ಯುದ್ಧದ ಮಾತು ಬಿಡಿ ಅನ್ನುತ್ತಿಲ್ಲ. ಅದೇ ದಿನ, ಗ್ರಾಟನ್ ಸೇರಿದ ಕ್ಷೇತ್ರದಲ್ಲೇ, ಇರಾಕ್ ಯುದ್ಧ ವಿರೋಧಿಸಿದ ಡೆಮಾಕ್ರಟ್ ಜೋ ಕೋರ್ಟ್ನಿ ಅಮೆರಿಕ ಸಂಸತ್ತಿನ ಕೆಳಮನೆಗೆ ಗೆದ್ದರು. ಅಂತರ ಬರೀ 83 ಓಟು! ಆಮೇಲೆ ವರ್ಷಕ್ಕೆ ಎರಡು ಸಬ್‌ಮರೀನ್ ಕಟ್ಟಲೇಬೇಕು ಅಂತ ಹಟ ಹಿಡಿದು 'ಟೂ ಸಬ್ ಜೋ' ಅಂತಲೇ ಹೆಸರಾದರು. ಆ ಊರಿಗೆ ಯುದ್ಧ ಬೇಡ, ಸಬ್‌ಮರೀನ್ ಬೇಕು. ನಿಮ್ಮ 'ಇದೋ ಅದೋ' ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಯುದ್ಧದ ಬಗ್ಗೆ ನಿಲುವೇನು ಅಂತ ಗೆಳೆಯ ಮೊದಲ ಮಾತಲ್ಲೇ ಹೇಳಲಿ, ನುಣುಚಿಕೊಳ್ಳದೆ. ಆಮೇಲೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಲಿ. ಪ್ರೈಮರಿ ಮುಗಿದಿದೆಯಾ? ಕ್ಷೇತ್ರದಲ್ಲಿ ಸೇನಾ ನೆಲೆಯೋ, ಶಸ್ತ್ರಾಸ್ತ್ರ ಕಾರ್ಖಾನೆಯೋ ಇದೆಯಾ? ಅದನ್ನು ತಿಳಿಸಿ, ಮುಂದಿನದು ಮಾತಾಡೋಣ.